ಎಸ್‌ಪಿ ರೋಡಲ್ಲಿ ತಂದ ಸಿಸ್ಕೋ 1841 ರೌಟರ್ 'ರೊಮ್ಮಾನ್ 1 >' ಅಂತ ನಿಂತುಬಿಟ್ಟಿದೆ. ದುಡ್ಡು ನೀರುಪಾಲಾಯ್ತಾ?

ಇಲ್ಲ. ಎನೇಬಲ್, ಶೋ ಯಾವುದೂ ನಡೀತಿಲ್ಲ ಅಂದಿರಿ. ಅವೆಲ್ಲ ಐಒಎಸ್ (ಸಿಸ್ಕೋ ರೌಟರಿನ ಆಪರೇಟಿಂಗ್ ಸಿಸ್ಟಮ್) ಕಮಾಂಡುಗಳು, ನಿಮ್ಮಲ್ಲಿ ಐಒಎಸ್ ಇನ್ನೂ ಎದ್ದೇ ಇಲ್ಲ. ಬೂಟ್ ಮಾನಿಟರ್, ಅಂದ್ರೆ ಆ ರೊಮ್ಮಾನ್, ಉತ್ತರ ಕೊಡ್ತಿದೆ ಅಂದ್ರೆ ಬೋರ್ಡಿಗೆ ಜೀವ ಇದೆ.

ಒಂದೇ ಒಂದು ಮಾತು ಕೇಳಿ: ಯಾರು ಹೇಳಿದರೂ ಮೊದಲೇ ಟಿಎಫ್‌ಟಿಪಿಡಿಎನ್‌ಎಲ್‌ಡಿ ಹೊಡೀಬೇಡಿ. ಅದು ನೆಟ್‌ವರ್ಕ್ ಕೇಬಲ್ ಮೂಲಕ ಐಒಎಸ್ ಇಮೇಜ್ (ಐಒಎಸ್ ಇರುವ .ಬಿನ್ ಫೈಲ್) ಇಳಿಸೋ ಕಮಾಂಡು. ವಿಜಯನಗರದ ರೂಮಿನಲ್ಲಿ ಸಿಸಿಎನ್‌ಎ ಓದುವಾಗ ನಾನು ಹೊಡೆದಿದ್ದೆ. ಫ್ಲ್ಯಾಶ್‌ನಲ್ಲಿರೋದೆಲ್ಲ ಹೋಗುತ್ತೆ, ಮುಂದುವರಿಸಲಾ ಅಂತ ಅದು ಕೇಳಿತು. ಓದದೆ ವೈ ಒತ್ತಿದೆ. ಹೊಸ ಇಮೇಜಿಗೆ ನನ್ನ ರ‍್ಯಾಮ್ ಸಾಲಲಿಲ್ಲ. ಹಳೇದು, ಚೆನ್ನಾಗಿಯೇ ಇದ್ದದ್ದು, ಅಳಿಸಿಹೋಗಿತ್ತು. ಅಸಲು ತೊಂದರೆ ಇದ್ದದ್ದು ಒಂದು ಅಂಕಿಯಲ್ಲಿ.

ಆ ಅಂಕಿ ನೋಡೋಕೆ ಬರೀ ಕಾನ್ಫ್‌ರೆಗ್ ಅಂತ ಟೈಪ್ ಮಾಡಿ. ಬರುವ ಪಟ್ಟಿಯಲ್ಲಿ ಬೂಟ್ ಅನ್ನೋ ಸಾಲಿನ ಮುಂದೆ 'ರಾಮ್ ಮಾನಿಟರ್' (ರೊಮ್ಮಾನ್‌ನ ಪೂರ್ತಿ ಹೆಸರು) ಅಂತಿದ್ರೆ ಕಳ್ಳ ಸಿಕ್ಕ: ರೌಟರ್ ಹೇಗೆ ಏಳಬೇಕು ಅಂತ ಹೇಳೋ ಕಾನ್ಫಿಗ್ ರಿಜಿಸ್ಟರಿನ ಕೊನೇ ಅಂಕಿ ಸೊನ್ನೆಯಾಗಿದೆ. ಬದಲಾಯಿಸಲಾ ಅಂದಾಗ ಎನ್ ಕೊಡಿ. ಆಮೇಲೆ ಡಿರ್ ಫ್ಲ್ಯಾಶ್: ಹೊಡೆದು .ಬಿನ್ ಫೈಲ್ ಇದೆಯಾ ನೋಡಿ (ಕೊನೆಯ ಕೋಲನ್ ಮರೀಬೇಡಿ). ಇದ್ರೆ ಕಾನ್ಫ್‌ರೆಗ್ 0ಎಕ್ಸ್2142, ಆಮೇಲೆ ರಿಸೆಟ್.

ಮಾಮೂಲಿ 2102 ಬಿಟ್ಟು 2142 ಯಾಕೆ? ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಯಲ್ಲಿ ಹಳೇ ಯಜಮಾನರ ಪಾಸ್‌ವರ್ಡ್ ಕೂತಿರುತ್ತೆ. 2142 ಇಟ್ರೆ ಸೇವ್ ಮಾಡಿದ ಸೆಟ್ಟಿಂಗ್ ಇರುವ ಮೆಮೊರಿ, ಅಂದ್ರೆ ಎನ್‌ವಿರ‍್ಯಾಮ್‌ನ ಕಾನ್ಫಿಗ್ ಓದದೆ ಏಳುತ್ತೆ. ಒಳಗೆ ಹೋದಮೇಲೆ ಕಾನ್ಫಿಗ್-ರಿಜಿಸ್ಟರ್ 0ಎಕ್ಸ್2102 ಹಾಕಲೇಬೇಕು. ಮರೆತ್ರೆ, ಮಳೆ ಬಂದು ಕರೆಂಟ್ ಹೋದಾಗಲೆಲ್ಲ ನೀವು ಸೇವ್ ಮಾಡಿದ್ದು ಮಾಯ ಆದಂತೆ ಕಾಣುತ್ತೆ.

.ಬಿನ್ ಫೈಲ್ ಇಲ್ಲವೇ ಇಲ್ಲ ಅಂದ್ರೆ ಪವರ್ ಆಫ್ ಮಾಡಿ ಹಿಂದಿನ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಎಳೆದು, ಕಾರ್ಡ್ ರೀಡರ್‌ಗೆ ಹಾಕಿ ಲ್ಯಾಪ್‌ಟಾಪಿಂದ ಕಾಪಿ ಮಾಡಿ. ರೀಡರ್ ಅದೇ ಎಸ್‌ಪಿ ರೋಡಲ್ಲಿ ಸಿಗುತ್ತೆ. ಅದೂ ಆಗದಿದ್ರೆ ಆಗ ಟಿಎಫ್‌ಟಿಪಿಡಿಎನ್‌ಎಲ್‌ಡಿ, ಆದರೆ ಮೊದಲ ಸಲ -ಆರ್ ಸೇರಿಸಿ. ಆಗ ಇಮೇಜ್ ರ‍್ಯಾಮ್‌ಗೆ ಮಾತ್ರ ಹೋಗುತ್ತೆ, ಫ್ಲ್ಯಾಶ್ ಮುಟ್ಟಲ್ಲ. ಐಪಿ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಸರ್ವರ್, ಫೈಲ್ ಈ ಐದು ವೇರಿಯಬಲ್‌ಗಳ ಹೆಸರು ದೊಡ್ಡಕ್ಷರದಲ್ಲೇ ಇರಬೇಕು. ಕೇಬಲ್ ನೇರವಾಗಿ ಲ್ಯಾಪ್‌ಟಾಪಿಗಿದ್ದರೂ ಗೇಟ್‌ವೇ ಖಾಲಿ ಬಿಡಬೇಡಿ, ಲ್ಯಾಪ್‌ಟಾಪಿನ ಐಪಿಯನ್ನೇ ಕೊಡಿ. ಟೈಮ್‌ಔಟ್ ಬಂದ್ರೆ ರೌಟರಿಗೆ ಬೈಯೋ ಮುಂಚೆ ವಿಂಡೋಸ್ ಫೈರ್‌ವಾಲ್ ನೋಡಿ.

ಎಕ್ಸ್‌ಮೋಡೆಮ್ (ಕನ್ಸೋಲ್ ಕೇಬಲ್ ಮೂಲಕವೇ ಫೈಲ್ ಕಳಿಸೋ ವಿಧಾನ) ತಂಟೆಗೆ ಮಾತ್ರ ಹೋಗಬೇಡಿ. ಕನ್ಸೋಲ್ 9600ರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 960 ಬೈಟ್. 20 ಎಂಬಿ ಫೈಲು ರಾತ್ರಿ ಹನ್ನೊಂದಕ್ಕೆ ಶುರುವಾದ್ರೆ ಹಾಲಿನವರು ಬರೋ ಹೊತ್ತಿಗೆ ಮುಗಿಯುತ್ತೆ, ಅದೂ ನಡುವೆ ಕರೆಂಟ್ ಹೋಗದಿದ್ರೆ.