ಮರುಕ ಬಂದರೆ ಕೊಲೆಯನ್ನು ಸಮರ್ಥಿಸಿದ ಹಾಗಲ್ಲ

ಮರುಕ ಮತ್ತು ಕ್ಷಮೆ ಎರಡೂ ಒಂದೇ ಅಂದುಕೊಂಡಿರುವುದೇ ನಿಮ್ಮ ಸಂಕಟಕ್ಕೆ ಕಾರಣ ಇರಬೇಕು. ಕೊಲೆ ಆರೋಪ ಹೊತ್ತ, ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವ ಒಬ್ಬನ ಸುದ್ದಿ ಓದಿ ಅಯ್ಯೋ ಅನ್ನಿಸಿತು, ಆಮೇಲೆ ಸತ್ತವರಿಗೆ ದ್ರೋಹ ಮಾಡಿದ ಹಾಗಾಯಿತು ಅಂದಿದ್ದೀರಿ. ನನಗೂ ಪರಿಚಯದವರೊಬ್ಬರ ವಿಷಯದಲ್ಲಿ ಹೀಗೇ ಅನ್ನಿಸಿತ್ತು.

ಮೊದಲು ಸತ್ತವರ ಮನೆಯವರನ್ನು ನೆನೆಯಿರಿ. ಅವರ ದುಃಖಕ್ಕೆ ಜಾಗ ಕೊಟ್ಟ ಮೇಲೆ ಅಳುಕು ಕಡಿಮೆ ಆಗುತ್ತದೆ.

ಆಮೇಲೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಿ. ಆ ಹೊತ್ತಿನಲ್ಲಿ ತಾನೇನು ಮಾಡುತ್ತಿದ್ದೇನೆಂದು ಆತನಿಗೆ ಗೊತ್ತಿತ್ತಾ? ಈಗ ವಿಚಾರಣೆ ಎದುರಿಸುವಷ್ಟು ಅರಿವಿದೆಯಾ? ವೈದ್ಯರ ವರದಿ ನೋಡಿ ಕೋರ್ಟ್ ತೀರ್ಮಾನಿಸಬೇಕಾದ ವಿಷಯಗಳಿವು. ಕಾಯಿಲೆ ಇದೆ ಅಂದ ಮಾತ್ರಕ್ಕೆ ಕೊಲೆಗೆ ಅದೇ ಕಾರಣ ಅಂತಲ್ಲ. ಬರೀ ಸುದ್ದಿ ಓದಿ ನಿಮಗಾಗಲಿ ನನಗಾಗಲಿ ಹೇಳಲು ಆಗುವುದಿಲ್ಲ.

'ಹುಚ್ಚು ಅಂತ ಹೇಳಿ ಬಚಾವಾಗ್ತಾನೆ' ಎಂದು ಯಾರಾದರೂ ಸಿಟ್ಟಾದರೆ, 1843ರ ಇಂಗ್ಲೆಂಡಿನ ಮೆಕ್‌ನಾಟನ್ ಪ್ರಕರಣ ಹೇಳಿ. ಕೊಲೆ ಆರೋಪಿ ಮೆಕ್‌ನಾಟನ್‌ಗೆ ಬುದ್ಧಿಭ್ರಮಣೆ ಇದ್ದ ಕಾರಣಕ್ಕೆ ತಪ್ಪಿತಸ್ಥನಲ್ಲ ಎಂದು ತೀರ್ಪು ಬಂತು. ಆದರೂ ಆತ 1865ರಲ್ಲಿ ಸಾಯುವವರೆಗೂ ಮಾನಸಿಕ ಆಸ್ಪತ್ರೆಯ ಬಂಧನದಲ್ಲೇ ಇದ್ದ. ಮಾನಸಿಕ ಕಾಯಿಲೆ ಇರುವ ಬಹುಪಾಲು ಜನ ಯಾರ ಮೇಲೂ ಕೈ ಮಾಡುವುದಿಲ್ಲ, ಇದನ್ನೂ ಹೇಳಿ, ಅವರ ಪರವಾಗಿ ಮಾತಾಡುವವರು ತುಂಬಾ ಕಮ್ಮಿ.

ಆರೋಪಿಯ ಫೋಟೊ, ವಿಡಿಯೊ ಯಾರಿಗೂ ಕಳಿಸಬೇಡಿ. ನಿದ್ದೆ ಕೆಡುವಷ್ಟು ಕಾಡಿದರೆ ಆ ಸುದ್ದಿ ನೋಡುವುದನ್ನೇ ಕೆಲವು ದಿನ ನಿಲ್ಲಿಸಿ, ಆಪ್ತ ಸಮಾಲೋಚಕರ ಹತ್ತಿರ ಮಾತಾಡಿ.