ದುಭಾಷಿ ಬಂದರೆ ಸಾಕೇ?

ಕುಮಟಾ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರ ಇದು. ಅವರ ತಮ್ಮ ಹುಟ್ಟಿನಿಂದಲೇ ಕಿವುಡರು, ಮೀನುಗಾರಿಕೆ ದೋಣಿಯಲ್ಲಿ ಕೆಲಸ, ಮಾತುಕತೆಯೆಲ್ಲ ಸಂಜ್ಞಾ ಭಾಷೆಯಲ್ಲಿ. ಕರಾವಳಿಯ ಯೋಜನೆಯೊಂದಕ್ಕೆ ಪರಿಸರ ಅನುಮತಿ ಕೊಡುವ ಮುನ್ನ ಜನರ ಅಭಿಪ್ರಾಯ ಕೇಳುವ ಅಹವಾಲು ಸಭೆಗೆ ಅಕ್ಕ-ತಮ್ಮ ಇಬ್ಬರೂ ಹೋಗಿದ್ದರು. ಮುಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತು, ಮುದ್ರಿಸಿದ ಸಾರಾಂಶವೂ ಸಿಕ್ಕಿತು. ಆದರೆ ಸಭೆಯುದ್ದಕ್ಕೂ ನಡೆದದ್ದನ್ನು ತಮ್ಮನಿಗೆ ತಿಳಿಸುವ ಕೆಲಸ ಅಕ್ಕನ ಮೇಲೇ ಬಿತ್ತು. ತಮ್ಮ ಹೇಳಿದ್ದು ನಡಾವಳಿಯಲ್ಲಿ ಬರಲೇ ಇಲ್ಲ. “ಮುಂದಿನ ಸಲ ದುಭಾಷಿ ಬೇಕೆಂದು ಕೇಳಿದರೆ ಸಾಕೇ?” ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಮಸ್ಕಾರ. ದುಭಾಷಿ ಬೇಕೇ ಬೇಕು, ಆದರೆ ಅಷ್ಟೇ ಸಾಲದು. ನಿಮ್ಮ ತಮ್ಮನ ಮಾತು ನಡಾವಳಿಗೆ ಸೇರಲಿಲ್ಲ ಎಂಬುದೇ ನಿಮ್ಮ ಪತ್ರದಲ್ಲಿ ನಮಗೆ ತೀರಾ ನೋವು ತಂದ ಸಂಗತಿ. ಅನುಮತಿ ಕೊಡುವವರು ಸಭೆಗೆ ಬಂದಿರುವುದಿಲ್ಲ. ಅವರ ಮೇಜಿಗೆ ಹೋಗುವುದು ನಡಾವಳಿಯ ಕಾಗದ ಮತ್ತು ವಿಡಿಯೊ. ಹಾಗಾಗಿ ಏರ್ಪಾಡನ್ನು ಆ ದಾಖಲೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು.

2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪ್ರಕಾರ ಇಡೀ ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯ. ಹಾಜರಿದ್ದ ಪ್ರತಿಯೊಬ್ಬರಿಗೂ ವಿವರಣೆ ಕೇಳುವ ಅವಕಾಶ ಇರಬೇಕು. ಕೊನೆಗೆ ನಡಾವಳಿಯ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಸಭೆಗೆ ಓದಿ ಹೇಳಿ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅದೇ ದಿನ ಸಹಿ ಮಾಡಬೇಕು. ಕ್ಯಾಮೆರಾ ಸಾಮಾನ್ಯವಾಗಿ ವೇದಿಕೆಯ ಕಡೆಗೇ ಇರುತ್ತದೆ. ಕಿವುಡರೊಬ್ಬರು ಕುರ್ಚಿಯ ಬಳಿಯೇ ಎದ್ದು ನಿಂತು ಕೈಯಲ್ಲಿ ಮಾತಾಡಿದರೆ ವಿಡಿಯೊದಲ್ಲಿ ಉಳಿಯುವುದು ಅವರ ಬೆನ್ನು ಮತ್ತು ದುಭಾಷಿಯ ದನಿ. ದುಭಾಷಿ ಒಂದು ಮಾತು ಬಿಟ್ಟರೂ ತಪ್ಪಾಗಿ ಹೇಳಿದರೂ ಆಮೇಲೆ ಹೋಲಿಸಿ ನೋಡಲು ಮೂಲವೇ ಇರುವುದಿಲ್ಲ. ಆದ್ದರಿಂದ ಅವರನ್ನು ಮುಂದಕ್ಕೆ ಕರೆದು ಸಭೆಗೆ ಎದುರಾಗಿ ನಿಲ್ಲಿಸಬೇಕು. ದುಭಾಷಿ ವೇದಿಕೆಯಿಂದ ಇಳಿದು ಅವರ ಎದುರಿಗೆ, ಮೊದಲ ಸಾಲಿನಲ್ಲಿ ಪ್ರತ್ಯೇಕ ಮೈಕ್ ಹಿಡಿದು ಕೂರಬೇಕು. ಕ್ಯಾಮೆರಾ ಆ ಹೊತ್ತಿನಲ್ಲಿ ಮಾತಾಡುವವರ ತಲೆಯಿಂದ ಸೊಂಟದವರೆಗೆ, ಎರಡೂ ಕೈ ಚೌಕಟ್ಟಿನೊಳಗೆ ಬರುವ ಹಾಗೆ ನಿಲ್ಲಬೇಕು. ದುಭಾಷಿ “ಇವರು ಹೀಗೆ ಹೇಳುತ್ತಿದ್ದಾರೆ” ಎನ್ನುವ ಬದಲು “ನನ್ನ ಬಲೆ, ನನ್ನ ದೋಣಿ” ಎಂದೇ ದನಿ ಕೊಡಬೇಕು. ಕೊನೆಯಲ್ಲಿ ಸಾರ ಓದುವಾಗಲೂ ದುಭಾಷಿ ಇರಬೇಕು. ಎಷ್ಟೋ ಕಡೆ ಅಷ್ಟು ಹೊತ್ತಿಗೆ ಅವರನ್ನು ಕಳುಹಿಸಿಬಿಡುತ್ತಾರೆ, ತಿದ್ದುಪಡಿಗೆ ಇರುವ ಒಂದೇ ಅವಕಾಶ ಅಲ್ಲಿಗೆ ತಪ್ಪುತ್ತದೆ.

ದುಭಾಷಿ ಒಬ್ಬರಲ್ಲ, ಇಬ್ಬರು ಬೇಕು. ಸುಮಾರು 20 ನಿಮಿಷಕ್ಕೊಮ್ಮೆ ಇಬ್ಬರೂ ಸ್ಥಳ ಬದಲಿಸಿಕೊಳ್ಳುತ್ತಾರೆ. ಬಿಡುವಿನಲ್ಲಿರುವವರು ಸುಮ್ಮನೆ ಕೂರುವುದಿಲ್ಲ, ತಪ್ಪಿದ ಅಂಕಿ, ಹೆಸರುಗಳನ್ನು ಜೊತೆಯವರಿಗೆ ಎತ್ತಿಕೊಡುತ್ತಾರೆ. ಒಬ್ಬರೇ ಗಂಟೆಗಟ್ಟಲೆ ಮಾಡಿದರೆ ಮೊದಲು ಬಿಟ್ಟುಹೋಗುವುದು ಹೆಕ್ಟೇರ್, ಮೀಟರ್, ಊರಿನ ಹೆಸರು. ಹಾಗೆ ಬಿಟ್ಟುಹೋದದ್ದು ದಣಿದವರ ಗಮನಕ್ಕೂ ಬರುವುದಿಲ್ಲ. ಮನೆಯವರನ್ನು ಈ ಕೆಲಸಕ್ಕೆ ಹಚ್ಚುವುದು ಯಾಕೆ ಸರಿಯಲ್ಲ ಎಂಬುದು ನಿಮಗೇ ಗೊತ್ತಿದೆ. ಆ ಸಭೆಯಲ್ಲಿ ನಿಮಗೂ ಹೇಳುವುದಿತ್ತು, ಅದನ್ನು ಹೇಳಲು ನಿಮಗೆ ಕೈ ಬಿಡುವಿರಲಿಲ್ಲ.

ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ದುಭಾಷಿ ಡಿಪ್ಲೊಮಾ ಮಾಡಿದವರನ್ನೇ ಕೇಳಿ. ಬೆಂಗಳೂರಿನಿಂದ ಕರೆಸಬೇಕಾದರೆ ಕಾರವಾರಕ್ಕೆ 500 ಕಿ.ಮೀ.ಗೂ ಹೆಚ್ಚು ದೂರ. ರಾತ್ರಿಯಿಡೀ ಪಯಣಿಸಿ ಬಂದವರನ್ನು ನೇರ ವೇದಿಕೆಗೆ ಹತ್ತಿಸಬಾರದು, ಹಿಂದಿನ ದಿನವೇ ಬರುವಂತೆ ವಸತಿಯ ಖರ್ಚನ್ನೂ ಸೇರಿಸಬೇಕು. ಬಂದವರಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎದುರಾಗುವ ದೊಡ್ಡ ತೊಡಕು ಕೊಂಕಣಿ. ಕಾರವಾರದ ಕಡೆ ಅಧಿಕಾರಿಗಳು ಕನ್ನಡದಲ್ಲಿ ಶುರು ಮಾಡಿದರೂ ಮೀನುಗಾರ ಹೆಂಗಸರ ಕೈಗೆ ಮೈಕ್ ಬಂದ ಕೂಡಲೇ ಮಾತು ಕೊಂಕಣಿಗೆ ತಿರುಗುತ್ತದೆ. ಕನ್ನಡ ಮಾತ್ರ ಬಲ್ಲ ದುಭಾಷಿಯ ಕೈ ಅಲ್ಲಿಗೆ ನಿಲ್ಲುತ್ತದೆ. ಸಭೆಯ ಅತ್ಯಂತ ಮುಖ್ಯ ಮಾತುಗಳು ಕಿವುಡರಿಗೆ ತಪ್ಪುವುದು ಹೀಗೆ. ಕೊಂಕಣಿಯನ್ನು ಕನ್ನಡದಲ್ಲಿ ಮೆಲ್ಲಗೆ ಹೇಳಿಕೊಡುವ ಸ್ಥಳೀಯರೊಬ್ಬರನ್ನು ದುಭಾಷಿಯ ಪಕ್ಕದಲ್ಲೇ ಕೂರಿಸಿದರೆ ಕೆಲಸ ನಡೆಯುತ್ತದೆ. ಅಳಿವೆ, ಗಜನಿ (ಉಪ್ಪುನೀರು ನುಗ್ಗುವ ಗದ್ದೆ), ಏಂಡಿ ಬಲೆ (ದಡಕ್ಕೆ ಎಳೆಯುವ ಬಲೆ), ಘಟ್ಟದ ಮೇಲಾದರೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಇಂಥ ಸ್ಥಳೀಯ ಪದಗಳ ಪಟ್ಟಿ, ಫೋಟೊ, ನಕ್ಷೆಗಳು ದುಭಾಷಿಗಳಿಗೆ ಒಂದು ವಾರ ಮೊದಲೇ ತಲುಪಬೇಕು. ಊರ ಹೆಸರುಗಳಿಗೆ ಇಲ್ಲಿನ ಕಿವುಡರು ಬಳಸುವ ಸಂಜ್ಞೆ ಯಾವುದೆಂದು ಹಿಂದಿನ ಸಂಜೆ ಅವರನ್ನೇ ಕೇಳಿಕೊಳ್ಳಬೇಕು.

ಕಿವುಡರ ಶಾಲೆಯ ಮೆಟ್ಟಿಲು ಹತ್ತದವರು ಹಳ್ಳಿಗಳಲ್ಲಿ ಇದ್ದಾರೆ. ಅವರಿಗೆ ಗೊತ್ತಿರುವುದು ಮನೆಯೊಳಗೆ ಬೆಳೆದ ಸನ್ನೆ, ಭಾರತೀಯ ಸಂಜ್ಞಾ ಭಾಷೆ ಅಲ್ಲ. ಅಂಥವರಿದ್ದರೆ ಅವರ ಸನ್ನೆಯನ್ನು ಸಂಜ್ಞಾ ಭಾಷೆಗೆ ತರಲು ನಡುವೆ ಇನ್ನೊಬ್ಬ ಅನುಭವಿ ದುಭಾಷಿ, ತಾವೂ ಕಿವುಡರಾದವರು, ಬೇಕಾಗುತ್ತದೆ. ಮನೆಯವರು ಅಲ್ಲಿ ಸನ್ನೆಯ ಅರ್ಥ ಬಿಡಿಸಲು ನೆರವಾಗಬಹುದು, ಅವರ ಬದಲಿಗೆ ಮಾತಾಡಬಾರದು. ಮಾತು ಎರಡು ಹಂತ ದಾಟಿ ಬರುವುದರಿಂದ ಅವರಿಗೆ ದುಪ್ಪಟ್ಟು ಸಮಯ ಕೊಡಬೇಕು. ನೆಲದ ಮೇಲೆ ಹಾಸುವಷ್ಟು ದೊಡ್ಡ ನಕ್ಷೆ, ಮೇಲೆ ಕಡವು, ದೇವಸ್ಥಾನ, ದಕ್ಕೆಯ ಫೋಟೊ ಇಟ್ಟರೆ ಬಹಳ ಉಪಕಾರ. ದೋಣಿ ಎಳೆಯುವ ಜಾಗವನ್ನು ಬೆರಳಿಟ್ಟೇ ತೋರಿಸಬಹುದು.

ಜಾಗದ ವಿಚಾರಕ್ಕೆ ಬಂದರೆ, ನಮ್ಮಲ್ಲಿ ಕಡಲು ಪಡುವಣಕ್ಕೆ. ಕಡಲಿಗೆ ಬೆನ್ನು ಹಾಕಿ ವೇದಿಕೆ ಕಟ್ಟಿದರೆ ಮಧ್ಯಾಹ್ನದ ನಂತರ ದುಭಾಷಿಯ ಹಿಂದಿನಿಂದ ಬಿಸಿಲು ಹೊಡೆದು ಕಪ್ಪು ಆಕೃತಿ ಮಾತ್ರ ಕಾಣುತ್ತದೆ, ಬೆರಳೂ ಮುಖಭಾವವೂ ಕಾಣುವುದಿಲ್ಲ. ಸಂಜ್ಞಾ ಭಾಷೆಯಲ್ಲಿ ಪ್ರಶ್ನೆಯೋ ಹೇಳಿಕೆಯೋ ಎಂಬುದನ್ನು ಹುಬ್ಬು, ಮುಖವೇ ಹೇಳುತ್ತವೆ. ಹಾಗಾಗಿ ಬೆಳಕು ಮುಂದಿನಿಂದ ಬೀಳಬೇಕು. ಪ್ರೊಜೆಕ್ಟರ್ ಹಾಕಲು ಸಭಾಂಗಣದ ದೀಪ ಆರಿಸಿದಾಗಲೂ ದುಭಾಷಿಯ ಮೇಲಿನ ದೀಪ ಉರಿಯುತ್ತಿರಬೇಕು; ಮಳೆಗಾಲದಲ್ಲಿ ಅದಕ್ಕೆ ಇನ್ವರ್ಟರ್ ಸಂಪರ್ಕ ಇರಲೇಬೇಕು. ಕಿವುಡರ ಕುರ್ಚಿಗಳು ದುಭಾಷಿಯಿಂದ 3ರಿಂದ 5 ಮೀಟರ್ ದೂರದಲ್ಲಿ ಸಾಕು. ನಡುವೆ ಹೂದಾನಿ, ಸ್ಪೀಕರ್, ವಿಡಿಯೊದವರ ಟ್ರೈಪಾಡ್ ಬರದ ಹಾಗೆ ಆ ಜಾಗಕ್ಕೆ ಹಗ್ಗ ಕಟ್ಟಿಬಿಡಿ.

ಅಧ್ಯಕ್ಷತೆ ವಹಿಸುವವರು ಪಾಲಿಸಬೇಕಾದದ್ದೂ ಇದೆ. ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಹೆಸರು ಹೇಳಿ ಶುರು ಮಾಡಬೇಕು. ಐದು ಜನ ಒಟ್ಟಿಗೆ ಕೂಗಿದರೆ ಅದನ್ನು ಯಾವ ದುಭಾಷಿಯೂ ದಾಟಿಸಲಾರರು. ಸ್ಲೈಡ್ ತೋರಿಸಿದ ಮೇಲೆ ಓದಲು ಬಿಡುವು ಕೊಟ್ಟು ಮಾತು ಮುಂದುವರಿಸಬೇಕು, ಯಾಕೆಂದರೆ ಪರದೆಯನ್ನೂ ದುಭಾಷಿಯನ್ನೂ ಒಂದೇ ಕಣ್ಣಲ್ಲಿ ನೋಡಲಾಗದು. “ಯಾರದ್ದಾದರೂ ಆಕ್ಷೇಪಣೆ ಉಂಟಾ?” ಎಂದು ಕೇಳಿದ ಬಳಿಕ ಹತ್ತು ಸೆಕೆಂಡಾದರೂ ಕಾಯಬೇಕು. ಸಂಜ್ಞೆ ಮಾತಿಗಿಂತ ಕೆಲವು ಸೆಕೆಂಡು ಹಿಂದಿರುತ್ತದೆ. ಕಾಯದಿದ್ದರೆ ಕಿವುಡರ ಕೈ ಮೇಲೇಳುವಷ್ಟರಲ್ಲಿ ವಿಷಯ ಮುಗಿದಿರುತ್ತದೆ.

ದುಭಾಷಿಯನ್ನು ವಿಡಿಯೊ ಕಾಲ್ ಮೂಲಕ ಕೂರಿಸಬಹುದೇ ಎಂದು ಅಧಿಕಾರಿಗಳು ಕೇಳಬಹುದು. ಸಿದ್ದಾಪುರ, ಜೋಯಿಡಾದ ಒಳಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ ನಂಬಿ ಒಪ್ಪಬೇಡಿ. ಚಿತ್ರ ಒಂದು ಕ್ಷಣ ನಿಂತರೂ ವಾಕ್ಯವೇ ಹೋಗುತ್ತದೆ. ತಂತಿಯ ಇಂಟರ್ನೆಟ್ ಇದ್ದು, ಹಿಂದಿನ ದಿನ ಅದೇ ಹೊತ್ತಿಗೆ ಪ್ರಯೋಗ ಮಾಡಿ ನೋಡಿದ್ದರೆ ಸಣ್ಣ ವಾರ್ಡ್ ಸಭೆಗೆ ಸಾಕಾದೀತು.

ಇನ್ನು ಸೂಚನೆಯ ಮಾತು. ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಪತ್ರಿಕೆ ತಲುಪದ ಕಡೆಗೆ ಅಧಿಸೂಚನೆ ಹೆಸರಿಸುವುದು ಡಂಗುರ, ರೇಡಿಯೊ, ಟಿ.ವಿ. ಬರೀ ಡಂಗುರ, ರೇಡಿಯೊ ಕಿವುಡರಿಗೆ ತಲುಪುವುದು ಹೇಗೆ? ಮುದ್ರಿತ ಕನ್ನಡವೂ ಅನೇಕ ಕಿವುಡರಿಗೆ ಎರಡನೆಯ ಭಾಷೆ, ಪರಿಸರ ವರದಿಯ ಕನ್ನಡವಂತೂ ಕೇಳಿಸುವವರಿಗೇ ಕಷ್ಟ. ಎರಡು ಮೂರು ನಿಮಿಷದ ಸಂಜ್ಞಾ ಭಾಷೆಯ ವಿಡಿಯೊ ಮಾಡಿ, ಎಲ್ಲಿ, ಯಾವಾಗ, ಯಾರ ಜಮೀನು, ದುಭಾಷಿ ಇದ್ದಾರೆಯೇ ಎಂಬುದನ್ನು ಹೇಳಿ, ವಾಟ್ಸ್‌ಆ್ಯಪ್‌ನಲ್ಲಿ ಬಿಟ್ಟರೆ ಕಿವುಡರ ಗುಂಪುಗಳಲ್ಲಿ ಸಂಜೆಯೊಳಗೆ ಹಬ್ಬುತ್ತದೆ.

ನೀವು ಮಾಡಬೇಕಾದದ್ದು: ಪ್ರಕಟಣೆ ಬಂದ ಮೊದಲ ವಾರದಲ್ಲೇ ಜಿಲ್ಲಾಧಿಕಾರಿಗೂ ಸಭೆ ಏರ್ಪಡಿಸುವ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಕೊಡಿ, ಪ್ರತಿಯನ್ನು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ ಕಳಿಸಿ, ಸ್ವೀಕೃತಿ ಪಡೆಯಿರಿ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ ಕಲಂ 2ರಲ್ಲಿ ಸಂವಹನದ ವ್ಯಾಖ್ಯೆಯೊಳಗೆ ಸಂಜ್ಞಾ ಭಾಷೆ ಇದೆ, ಕಲಂ 3ರ ಪ್ರಕಾರ ಸೂಕ್ತ ಅನುಕೂಲ ಕಲ್ಪಿಸುವುದು ಸರ್ಕಾರದ ಹೊಣೆ ಎಂದು ಅದರಲ್ಲಿ ಬರೆಯಿರಿ. ಇಬ್ಬರು ದುಭಾಷಿಗಳು, ಕೊಂಕಣಿ ನೆರವು, ಕ್ಯಾಮೆರಾ ಮಾತಾಡುವವರ ಮೇಲೆ, ಸಾರ ಓದುವವರೆಗೂ ದುಭಾಷಿ, ಈ ನಾಲ್ಕನ್ನು ಬಿಡಿಬಿಡಿಯಾಗಿ ಕೇಳಿ. ಉತ್ತರ ಬರದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ಏನೇ ಆಗಲಿ, ತಮ್ಮ ತನ್ನ ಆಕ್ಷೇಪಣೆಯನ್ನು ಮೊದಲೇ ಸಂಜ್ಞೆಯಲ್ಲಿ ಚಿತ್ರೀಕರಿಸಿ, ಅದರ ಕನ್ನಡ ಬರಹಕ್ಕೆ ಸಹಿ ಹಾಕಿ, ಎರಡನ್ನೂ ಸಭೆಗೆ ಮುಂಚೆಯೇ ಮಂಡಳಿಗೆ ಸಲ್ಲಿಸಲಿ. ಲಿಖಿತ ಅಹವಾಲನ್ನು ಅವರು ಸ್ವೀಕರಿಸಲೇಬೇಕು.