ಅಪ್ಪನಿಗೆ ಬಿಪಿಗೆ ತೆಲ್ಮಿಸಾರ್ಟಾನ್ 40, ಆಮ್ಲೋಡಿಪಿನ್ 5 ಸೇರಿರುವ ಒಂದೇ ಮಾತ್ರೆ ಬರೆದಿದ್ದಾರೆ. ಹಳೇ ಆಮ್ಲೋಡಿಪಿನ್ ಕೂಡ ಮನೆಯಲ್ಲಿದೆ. ಏನು ಜಾಗ್ರತೆ ವಹಿಸಬೇಕು? (ತಿಪಟೂರು)

ಎರಡನ್ನೂ ಒಟ್ಟಿಗೆ ಕೊಡುವ ಮುಂಚೆ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಹೊಸ ಮಾತ್ರೆಯಲ್ಲಿ ಆಮ್ಲೋಡಿಪಿನ್ ಇದ್ದೇ ಇದೆ. ಹಳೇದೂ ಸೇರಿದರೆ ಡೋಸ್ ಜಾಸ್ತಿಯಾಗಿ ಬಿಪಿ ತುಂಬಾ ಇಳಿಯಬಹುದು, ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು.

ಮೆಡಿಕಲ್ ಸ್ಟೋರಿನಲ್ಲಿ ಬೇರೆ ಕಂಪನಿಯದು ಕೊಟ್ಟರೆ ಸ್ಟ್ರಿಪ್ಪಿನ ಹಿಂಭಾಗ ಓದಿ. ಹೆಸರಿನ ಕೊನೆಗೆ 'ಎಎಂ' ಇದ್ದರೆ ಸಾಮಾನ್ಯವಾಗಿ ಆಮ್ಲೋಡಿಪಿನ್, ಬರೀ 'ಎಚ್' ಇದ್ದರೆ ಮೂತ್ರ ಜಾಸ್ತಿ ಮಾಡಿಸುವ ಹೈಡ್ರೋಕ್ಲೋರೋಥಯಜೈಡ್. ಎರಡೂ ಒಂದೇ ಅಲ್ಲ.

ದಿನಾ ಒಂದೇ ಹೊತ್ತಿಗೆ ಕೊಡಿ. ಮರೆತರೆ ನೆನಪಾದಾಗ ಕೊಡಬಹುದು, ಆದರೆ ಮುಂದಿನ ಹೊತ್ತು ಹತ್ತಿರವಿದ್ದರೆ ಬಿಟ್ಟುಬಿಡಿ. ಒಟ್ಟಿಗೆ ಎರಡು ಬೇಡ.

ನಮ್ಮ ಕಡೆ ಎಳನೀರಿಗೆ ಬರವಿಲ್ಲ ಅಲ್ವಾ? ಅದರಲ್ಲಿ ಪೊಟ್ಯಾಶಿಯಂ ಹೆಚ್ಚು. ತೆಲ್ಮಿಸಾರ್ಟಾನ್ ಕೂಡ ರಕ್ತದಲ್ಲಿ ಪೊಟ್ಯಾಶಿಯಂ ಏರಿಸಬಲ್ಲದು. ಅಪ್ಪನಿಗೆ ಕಿಡ್ನಿ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ ದಿನಾ ಎಳನೀರು ಕುಡಿಯಬಹುದಾ ಅಂತ ಕೇಳಿಕೊಳ್ಳಿ. 'ಕಡಿಮೆ ಸೋಡಿಯಂ ಉಪ್ಪು' ಅಂತ ಮಾರುವುದನ್ನು ಕೇಳದೆ ಬಳಸಬೇಡಿ, ಅದರಲ್ಲಿ ಹೆಚ್ಚಾಗಿ ಪೊಟ್ಯಾಶಿಯಂ ಕ್ಲೋರೈಡ್ ಬೆರೆತಿರುತ್ತದೆ. ಕ್ರಿಯೇಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವುದು), ಪೊಟ್ಯಾಶಿಯಂ ರಕ್ತಪರೀಕ್ಷೆ ಡಾಕ್ಟರ್ ಹೇಳಿದಾಗ ತಪ್ಪಿಸಬೇಡಿ.

ಮಂಡಿನೋವಿಗೆ ಸುಮ್ನೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವುದು ನನಗೆ ನಿಜಕ್ಕೂ ಭಯ ಹುಟ್ಟಿಸುವ ವಿಷಯ. ಬಿಪಿಯೂ ಏರುತ್ತದೆ, ಕಿಡ್ನಿಗೂ ಪೆಟ್ಟು. ವಾಂತಿ ಭೇದಿ ಜೋರಾದರೆ ಮಾತ್ರೆ ಮುಂದುವರಿಸುವ ಮುಂಚೆ ಡಾಕ್ಟರನ್ನು ಕೇಳಿ.

ಪಾದ ಊದಿಕೊಂಡರೆ ಅದು ಆಮ್ಲೋಡಿಪಿನ್‌ನಿಂದ ಇರಬಹುದು. ತಾವಾಗಿ ನಿಲ್ಲಿಸದೆ ತೋರಿಸಿ. ಆದರೆ ಮುಖ, ತುಟಿ ಊದಿದರೆ ಅಥವಾ ಉಸಿರು ಕಟ್ಟಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.